ಮೂರನೆಯ ರೊಟ್ಟಿ

ಸಂತೆಕಲ್ಲೂರಿನ ಆದಮ್ಮ, ಓಣಿಯ ಹುಡುಗರಾದ ನಮಗೆಲ್ಲ ಚಿಗವ್ವ, ಮಾತು ಶುರು ಮಾಡಿದಳೆಂದರೆ ನೀರಿಗೆ ಹೊರಟವರು ಕೊಡ ಇಳಿಸಿ ಕೂರಬೇಕಾಗುತ್ತಿತ್ತು. ಕೇಳುವವರು ಇರಲೇಬೇಕೆಂದೇನೂ ಇಲ್ಲ. ಯಾರೂ ಸಿಗದಿದ್ದರೆ ಒಲೆಯ ಜೊತೆ ಮಾತಾಡುತ್ತಿದ್ದಳು, ಅಂಗಳದಲ್ಲಿ ಕಟ್ಟಿದ ಆಕಳ ಜೊತೆ ಮಾತಾಡುತ್ತಿದ್ದಳು, ಹಿಟ್ಟು ಹದಕ್ಕೆ ಬರದಿದ್ದರೆ ಹಿಟ್ಟಿನ ಜೊತೆ ಜಗಳವನ್ನೇ ಆಡುತ್ತಿದ್ದಳು. ಅವಳ ತವರು ಸಿಂಧನೂರಿನ ಹತ್ತಿರದ ತುರ್ವಿಹಾಳ. ಕಾಲುವೆಯ ಕನಸನ್ನೂ ಕಾಣದಿದ್ದ ಕಾಲ ಅದು. "ನಮ್ಮೂರಾಗ ನೀರು ಕಡಿಮಿ, ಮಾತು ಜಾಸ್ತಿ" ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು.

ಇಂಥವಳಿಗೆ ದೇವರು ಸೂಗಪ್ಪ ಮಾಸ್ತರನ್ನು ಗಂಟು ಹಾಕಿದ್ದ. ಮಾಸ್ತರು ನಮ್ಮೂರ ಸರ್ಕಾರಿ ಸಾಲಿಯಲ್ಲಿ ನನಗೂ ನನ್ನ ಓರಗೆಯವರಿಗೂ ಕನ್ನಡ ಅಕ್ಷರ ತಿದ್ದಿಸಿದವರು. ನಿಜಾಮರ ರಾಜ್ಯದಲ್ಲಿ ಮೇಲಿನ ಓದೆಲ್ಲ ಉರ್ದುವಿನಲ್ಲಿ, ಕನ್ನಡವೇನಿದ್ದರೂ ಮೂಗು ಸುರಿಸುವ ವಯಸ್ಸಿನ ಮಕ್ಕಳಿಗೆ. ಅಷ್ಟನ್ನಾದರೂ ಗಟ್ಟಿಯಾಗಿ ಕಲಿಸಬೇಕೆಂದು ಮಾಸ್ತರು ದಿನವಿಡೀ ಗಂಟಲು ಹರಿದುಕೊಳ್ಳುತ್ತಿದ್ದರು. ಸಂಜೆ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಮಾತನ್ನೂ ಅಲ್ಲೇ ಬಿಟ್ಟು ಒಳಗೆ ಹೋಗುತ್ತಿದ್ದರು. ಬೆಳಿಗ್ಗೆ ಅಡುಗೆಮನೆಯ ಕಂಬಕ್ಕೆ ಆನಿಕೊಂಡು ಕೂತು, ಬಿಸಿ ರೊಟ್ಟಿ ತಿನ್ನುತ್ತ, ಹೆಂಡತಿಯ ನೂರು ಮಾತಿಗೆ ಒಂದು "ಹೂಂ" ಎನ್ನುತ್ತಿದ್ದರು. ಆ "ಹೂಂ" ಕೂಡ ರೊಟ್ಟಿಗೋ ಮಾತಿಗೋ ಎಂದು ಹೇಳುವುದು ಕಷ್ಟವಿತ್ತು.

ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಆಡಬಾರದು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ರಿವಾಜು. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ಹೆಂಡತಿಯ ಹೆಸರನ್ನು ಗಂಡನೂ ನಾಲ್ಕು ಜನರೆದುರು ಕೂಗುವುದಿಲ್ಲ, ಕೂಗಿದರೆ ಮರ್ಯಾದೆ ಇಲ್ಲದವನು ಅನ್ನಿಸಿಕೊಳ್ಳುತ್ತಾನೆ. ನಾಲ್ಕು ಗೋಡೆಯ ನಡುವೆ ಕೆಲವರು ಕೂಗುತ್ತಿದ್ದರೇನೋ. ಮಾಸ್ತರು ಅಲ್ಲಿಯೂ ಕೂಗಿದವರಲ್ಲ. "ಏ ಇವಳ" ಎಂದರೆ ಚಿಗವ್ವ ಬರಬೇಕು. ಅವಳಂತೂ "ನಮ್ಮವರು" ಎನ್ನುತ್ತಿದ್ದಳು, ಇಲ್ಲವೆ ಊರವರ ಹಾಗೆ "ಮಾಸ್ತರು" ಎನ್ನುತ್ತಿದ್ದಳು.

ಲಿಂಗಸುಗೂರಿಗೆ ಕೆಂಪು ಬಸ್ಸು ಮೊದಲ ಸಲ ಬಂದ ವರ್ಷ ಮಾಸ್ತರು ಬರೆದದ್ದೊಂದು ಧಾರವಾಡದ ಮಾಸಪತ್ರಿಕೆಯಲ್ಲಿ ಅಚ್ಚಾಯಿತು. ಟಪ್ಪಾಲಿನವನು ಮಸ್ಕಿಯಿಂದ ಪತ್ರಿಕೆ ತಂದುಕೊಟ್ಟ. ಮುಖಪುಟದಲ್ಲಿ ಬಣ್ಣದ ನವಿಲಿತ್ತಂತೆ. ಓದು ಬಾರದ ಚಿಗವ್ವನಿಗೆ ಆ ನವಿಲು ಬಿಟ್ಟರೆ ಬೇರೇನೂ ಗುರುತಿಲ್ಲ. ಅವಳು ಕೈ ಒರೆಸಿಕೊಂಡು ಬಂದು "ಏನ್ ಬರದೀರಿ?" ಎಂದು ಕೇಳಿದಳು. ಮಾಸ್ತರು ಪೇಟದೊಳಗೆ ಕೈ ಹಾಕಿ ತಲೆ ಕೆರೆದುಕೊಂಡು, "ಏನಿಲ್ಲ. ನಾಲ್ಕು ಸಾಲು" ಎಂದರು. ಅದೇ ಕೊನೆ, ಅವರಾಗಿ ಮತ್ತೆ ಬಾಯಿ ಬಿಡಲಿಲ್ಲ.

ಅಷ್ಟೇ ಆಗಿದ್ದರೆ ಅವಳು ಮರೆತುಬಿಡುತ್ತಿದ್ದಳು. ಮರುದಿನ ಅವಳು ನೀರು ಹೊತ್ತು ಬರುವಾಗ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಐದಾರು ಗಂಡಸರು ಅದೇ ನವಿಲಿನ ಪುಸ್ತಕ ಹಿಡಿದುಕೊಂಡು ಓದುತ್ತ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇವಳನ್ನು ಕಂಡದ್ದೇ ಎಲ್ಲರ ನಗೆ ಒಮ್ಮೆಲೇ ನಿಂತುಹೋಯಿತು. ಒಬ್ಬ ಕೆಮ್ಮಿದ, ಇನ್ನೊಬ್ಬ ಆಕಾಶ ನೋಡಿದ. ದಾಟಿ ಹೋದ ಮೇಲೆ ಮತ್ತೆ ನಗು ಕೇಳಿಸಿತು. ಆ ಗುಂಪಿನಲ್ಲಿದ್ದ ದುರುಗಪ್ಪನನ್ನು ಹಿಡಿದು ಕೇಳಿದರೆ, "ಅದೇನಿತ್ತೋ ಯವ್ವ, ನೆನಪಿಲ್ಲ" ಎಂದು ಎತ್ತಿನ ಹಗ್ಗ ಬಿಚ್ಚುವ ನೆಪ ಮಾಡಿದ. ಪತ್ರಿಕೆ ಕೈಯಿಂದ ಕೈಗೆ ಹೋಯಿತು. ನಮ್ಮೂರಿನಿಂದ ಮಸ್ಕಿಗೆ, ಮಸ್ಕಿಯಿಂದ ಪಾಮನಕಲ್ಲೂರಿಗೆ, ಅಲ್ಲಿಂದ ಎಲ್ಲಿಗೋ. ಓದಿ ಕೊಡುತ್ತೇನೆ ಎಂದವರ ಕೈಗೆ ಹೋದದ್ದು ತಿರುಗಿ ಬಂದದ್ದನ್ನು ನಾನಂತೂ ಕಂಡಿಲ್ಲ.

ಅಂದಿನಿಂದ ಚಿಗವ್ವನ ಮನಸ್ಸಿನಲ್ಲಿ ಒಂದು ಮುಳ್ಳು ಮುರಿದು ಕೂತಿತು. ಗಂಡ ತನ್ನ ಬಾಯಿಬಡುಕತನವನ್ನು ಪತ್ರಿಕೆಯಲ್ಲಿ ಬರೆದು ಊರಿಗೆಲ್ಲ ನಗೆಪಾಟಲು ಮಾಡಿದ್ದಾನೆ ಎಂದು ಅವಳು ನಂಬಿದಳು. ನಂಬಿದ್ದನ್ನು ಬಾಯಿಬಿಟ್ಟು ಆಡಲಿಲ್ಲ. ಜಗತ್ತಿನ ಎಲ್ಲದರ ಬಗ್ಗೆ ಮಾತಾಡುವವಳು ಇದೊಂದನ್ನು ಮಾತ್ರ ಆಡಲಿಲ್ಲ. ರೊಟ್ಟಿ ಬಡಿಯುವುದೂ ನಿಲ್ಲಲಿಲ್ಲ, ಬಿಸಿ ರೊಟ್ಟಿ ಕಂಬದ ಕಡೆಗೆ ಹೋಗುವುದೂ ನಿಲ್ಲಲಿಲ್ಲ. ಹಾಗೆಯೇ ವರ್ಷಗಳು ಕಳೆದವು. ಮಗಳು ಬಸ್ಸಮ್ಮ ಮದುವೆಯಾಗಿ ಪಾಮನಕಲ್ಲೂರಿಗೆ ಹೋದಳು. ಒಂದು ಮಳೆಗಾಲದಲ್ಲಿ ಜ್ವರ ಬಂದು ಮಾಸ್ತರು ತೀರಿಕೊಂಡರು. ಅವರು ಹೋಗುವಾಗಲೂ ಏನೂ ಹೇಳಲಿಲ್ಲವಂತೆ. ಒಂದು ಸಲ ಅವಳ ಕೈ ಹಿಡಿದರಂತೆ, ಅಷ್ಟೇ.

ಆ ಹೊತ್ತಿಗೆ ನಾನು ಹೇಗೋ ಓದಿ, ಗುಲ್ಬರ್ಗಾದ ಕಾಲೇಜೊಂದರಲ್ಲಿ ಕನ್ನಡ ಪಂಡಿತನಾಗಿದ್ದೆ. ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ಬೇಸಿಗೆ ರಜೆಗೆ ಊರಿಗೆ ಹೋದಾಗ ಇದ್ದಲಿನ ಗ್ಯಾಸಿನ ಬಸ್ಸಿನಲ್ಲಿ ಮೈಯೆಲ್ಲ ಮಸಿ ಮಾಡಿಕೊಂಡು ಲಿಂಗಸುಗೂರಿನಲ್ಲಿ ಇಳಿಯುತ್ತಿದ್ದೆ. ಊರಲ್ಲಿ ಕೂತು ನಮ್ಮ ಕಾಲೇಜಿನ ಲೈಬ್ರರಿಯನ್ನು ಹೊಗಳಿಕೊಳ್ಳುವುದು ನನ್ನದೊಂದು ಚಟ. ಉರ್ದು ಪುಸ್ತಕಗಳ ನಡುವೆ ಕನ್ನಡಕ್ಕೂ ಒಂದು ಕಪಾಟು ಇದೆ, ರಾಯಚೂರಿನ ವಕೀಲರೊಬ್ಬರು ತೀರಿಕೊಂಡಾಗ ಅವರ ಮನೆಯವರು ಹಳೆಯ ಮಾಸಪತ್ರಿಕೆಗಳನ್ನು ಗಾಡಿ ತುಂಬಿಸಿ ಕಳಿಸಿದರು, ಈಗ ವರ್ಷವಾರು ರಟ್ಟು ಹಾಕಿ ಇಟ್ಟಿದ್ದೇವೆ ಎಂದು ನಾನು ಕೊಚ್ಚಿಕೊಳ್ಳುತ್ತಿದ್ದಾಗ ಚಿಗವ್ವ ಅಲ್ಲೇ ಕೂತು ಬೇಳೆ ಹಸನು ಮಾಡುತ್ತಿದ್ದಳು. ಅವಳ ಕೈ ಮೊರದ ಮೇಲೆಯೇ ನಿಂತಿತು.

"ಹಂಗಾದ್ರ ಅದರಾಗ ಮಾಸ್ತರು ಬರದದ್ದೂ ಇರಬೇಕಲ್ಲ, ಅಂಬಣ್ಣ?"

"ಇದ್ದರೂ ಇರಬಹುದು ಚಿಗವ್ವ. ನೋಡ್ತೀನಿ."

ನೋಡಿದೆ. ಕಾಲೇಜು ಶುರುವಾದ ವಾರವೇ ಕೂತು, ಕೆಂಪು ಬಸ್ಸು ಬಂದ ವರ್ಷದ್ದು ಎನ್ನಬಹುದಾದ ಕಟ್ಟುಗಳಲ್ಲಿ ಲೇಖಕರ ಹೆಸರು ನೋಡುತ್ತ ಹೋದೆ. ಸೂಗಪ್ಪ ಎಂಬ ಹೆಸರು ಎಲ್ಲಿಯೂ ಇರಲಿಲ್ಲ. ಹಾಗೆಂದು ಊರಿಗೆ ಒಂದು ಕಾರ್ಡು ಬರೆದು ಹಾಕಿದೆ. ಯಾರೋ ಅವಳಿಗೆ ಓದಿ ಹೇಳಿರಬೇಕು.

ಕಾರ್ಡು ಹೋಗಿ ಹೆಚ್ಚು ದಿನವಾಗಿರಲಿಲ್ಲ. ತೊಗರಿ ಮಾರಲು ಗುಲ್ಬರ್ಗಾಕ್ಕೆ ಹೊರಟಿದ್ದ ಬಾಲಪ್ಪನನ್ನು ಜೊತೆ ಮಾಡಿಕೊಂಡು ಚಿಗವ್ವ ನನ್ನ ಮನೆ ಬಾಗಿಲಿಗೆ ಬಂದು ನಿಂತಳು. ಲಿಂಗಸುಗೂರಿನ ಆಚೆಗೆ ಕಾಲಿಡದವಳು ಬಸ್ಸು ಹತ್ತಿ, ರಾಯಚೂರಿನಲ್ಲಿ ರೈಲು ಹತ್ತಿ ಬಂದಿದ್ದಳು. ತಲೆಯ ಮೇಲೆ ಬುತ್ತಿಯ ಗಂಟು, ಮುಖದ ಮೇಲೆ ಸಿಟ್ಟು. ನನ್ನ ಹೆಂಡತಿ ನೀರು ಕೊಟ್ಟರೆ ಕುಡಿಯುವ ಮೊದಲೇ ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ನೀ ಸರಿಯಾಗಿ ನೋಡಿಲ್ಲ. ಇಲ್ಲಾಂದ್ರ ನೋಡೀಯ, ಮುಚ್ಚಿಡಾಕತ್ತೀಯ."

"ನಾ ಯಾಕ ಮುಚ್ಚಿಡಲಿ?"

"ಅದರಾಗ ನನ್ನ ಬಗ್ಗೆ ಕೆಟ್ಟದ್ದು ಬರದಾರ. ಅದಕ್ಕ. ಕಟ್ಟಿ ಮ್ಯಾಲಿನ ಗಂಡಸರು ಹಂಗ ಮಾಡಿದರು, ಈಗ ನೀನೂ ಮಾಡಾಕತ್ತೀಯ. ಲೇ, ಕೆಟ್ಟದ್ದಿದ್ರೂ ಇರಲಿ. ಆ ಮನಷ್ಯ ನನ್ನ ಜೋಡಿ ಮಾತಾಡಲಿಲ್ಲ. ಹೊರಗಿನವರ ಮುಂದ ಏನ್ ಮಾತಾಡ್ಯಾರ ಅದನ್ನರ ಕೇಳಿ ಸಾಯ್ತೀನಿ."

ಆಗಲೇ ಕಟ್ಟೆಯ ನಗೆಯ ಕಥೆಯನ್ನು ಅವಳು ಮೊದಲ ಸಲ ನನಗೆ ಹೇಳಿದ್ದು. ಇಷ್ಟು ವರ್ಷ ಅದನ್ನು ಒಳಗೇ ಇಟ್ಟುಕೊಂಡಿದ್ದಳು. ನನಗೆ ಹೆದರಿಕೆಯಾಯಿತು. ನಿಜವಾಗಿಯೂ ಅಂಥದ್ದೇನಾದರೂ ಸಿಕ್ಕರೆ ನಾನೇ ಓದಿ ಹೇಳಬೇಕು. ಸಿಗದೇ ಇರಲಿ ಎಂದು ಒಳಗೊಳಗೇ ಬೇಡಿಕೊಂಡೆ.

ಮರುದಿನ ಅವಳನ್ನು ಲೈಬ್ರರಿಗೆ ಕರೆದುಕೊಂಡು ಹೋದೆ. ಅಲ್ಲಿಗೆ ಹೆಂಗಸರು ಬಂದದ್ದೇ ಅಪರೂಪ. ಅದರಲ್ಲೂ ಇಳಕಲ್ ಸೀರೆಯುಟ್ಟು, ಸೆರಗಿನ ತುಂಬ ರೊಟ್ಟಿಯ ವಾಸನೆ ಹೊತ್ತು ಬಂದವರು ಯಾರೂ ಇರಲಿಲ್ಲ. ಅಲ್ಲಿನ ಮುನ್ಷಿ ಮಲೀಕಸಾಬರು ಸಿಂಧನೂರಿನವರು. ಉರ್ದು ಪುಸ್ತಕವನ್ನು ಕಣ್ಣು ಮುಚ್ಚಿ ತೆಗೆದುಕೊಡುತ್ತಿದ್ದ ಅವರಿಗೆ ಕನ್ನಡ ಮಾತು ಬರುತ್ತಿತ್ತೇ ಹೊರತು ಕನ್ನಡ ಅಕ್ಷರ ಬರುತ್ತಿರಲಿಲ್ಲ. ಮೊದಲ ಗಂಟೆ ನನಗೆ ಪಾಠವಿತ್ತು. ಚಿಗವ್ವನನ್ನು ಅವರ ಹತ್ತಿರ ಬಿಟ್ಟು ತರಗತಿಗೆ ಓಡಿದೆ.

ನಾನು ಬರುವಷ್ಟರಲ್ಲಿ ಇಬ್ಬರೂ ಬಳಗದವರಾಗಿಬಿಟ್ಟಿದ್ದರು. ತುರ್ವಿಹಾಳದ ಬಾವಿ, ಸಿಂಧನೂರಿನ ಸಂತೆ, ಮಲೀಕಸಾಬರ ತಾಯಿಯ ಮಂಡಿನೋವು ಎಲ್ಲವೂ ಆಗಿತ್ತು. ಒಂದೇ ಒಂದು ತೊಡಕಿತ್ತು. ಹೊರಗಿನವರು ಬಂದರೆ ರಿಜಿಸ್ಟರಿನಲ್ಲಿ ಹೆಸರು, ತಂದೆಯದೋ ಗಂಡನದೋ ಹೆಸರು, ಊರು ಇಷ್ಟನ್ನು ಬರೆಯಬೇಕು, ಅದೂ ಬಂದವರ ಬಾಯಿಂದಲೇ ಕೇಳಿ ಬರೆಯಬೇಕು. ಪ್ರಿನ್ಸಿಪಾಲರು ಆ ವಿಷಯದಲ್ಲಿ ಬಹಳ ಬಿಗಿ.

"ಹೆಸರು ಕೊಟ್ಟರು, ಊರು ಕೊಟ್ಟರು" ಎಂದು ಮಲೀಕಸಾಬರು ನಕ್ಕರು. "ಯಜಮಾನರ ಹೆಸರು ಕೇಳಿದರ ಕಿಟಕಿ ಕಡಿ ನೋಡಾಕತ್ತಾರ."

"ನಾ ಹ್ಯಾಂಗ ಹೇಳಲಿ ಅಣ್ಣಾರ?" ಎಂದಳು ಚಿಗವ್ವ. "ಇದ್ದಾಗ ಹೇಳಿಲ್ಲ. ಹೋದ ಮ್ಯಾಲ ಹೇಳಲೇನು?"

"ಇರಲಿ ಬಿಡವ್ವ. ನಮ್ಮವ್ವನೂ ಹೇಳಂಗಿಲ್ಲ. ಆ ಖಾನೆ ಖಾಲಿ ಬಿಡ್ತೀನಿ."

ನಿಯಮ ಮೀರಿ ನಾನೇ ಹೇಳಿ ಬರೆಸಬಹುದಿತ್ತು. ಆದರೆ ಅಷ್ಟರಲ್ಲಿ ಕಟ್ಟುಗಳು ಮೇಜಿಗೆ ಬಂದಿದ್ದವು, ನನ್ನ ಲಕ್ಷ್ಯ ಅತ್ತ ಹೋಯಿತು.

ಚಿಗವ್ವ ಕುರ್ಚಿ ಒಲ್ಲೆ ಎಂದು ಕಪಾಟಿನ ಬುಡದಲ್ಲಿ ಚಾಪೆ ಹಾಸಿಸಿಕೊಂಡು ಕೂತಳು. ನಾನೂ ಕೂತೆ. ಮೊದಲ ಕಟ್ಟನ್ನು ತಾನೇ ತೆಗೆದುಕೊಂಡು, ಹಾಳೆ ಹಾಳೆ ತಿರುವಿ, "ನವಿಲು ಎಲ್ಲೈತಿ?" ಎಂದಳು. ಕಟ್ಟಿನಲ್ಲಿ ನವಿಲಿಲ್ಲ, ಹಂಸವಿಲ್ಲ, ಯಾವ ಬಣ್ಣವೂ ಇಲ್ಲ. ರಟ್ಟು ಕಟ್ಟುವ ಬಜಾರಿನ ಜಿಲ್ದಗಾರ ಹನ್ನೆರಡು ಸಂಚಿಕೆ ಸೇರಿಸಿ ಹೊಲಿಯುವಾಗ ದಪ್ಪವಾಗುತ್ತದೆಂದು ಮುಖಪುಟಗಳನ್ನೆಲ್ಲ ಕಿತ್ತು ಒಗೆದಿದ್ದ. ಪರಿವಿಡಿ ಅಚ್ಚಾಗುತ್ತಿದ್ದದ್ದು ಮುಖಪುಟದ ಹಿಂಬದಿಗೆ. ಅದೂ ಹೋಗಿತ್ತು. ಈ ಊರಿನ ಜಿಲ್ದಗಾರರಿಗೆ ಪುಸ್ತಕವೆಂದರೆ ದಾರ ಮತ್ತು ಅಂಟು, ಒಳಗಿರುವುದೆಲ್ಲ ತೊಂದರೆ ಎಂದು ನಾನು ಗೊಣಗಿದೆ. ಚಿಗವ್ವ ಕಟ್ಟನ್ನು ಮುಚ್ಚಿ ನನ್ನ ಕಡೆ ಸರಿಸಿದಳು. ಅವಳಿಗಿದ್ದ ಒಂದೇ ಗುರುತು ಹಾರಿಹೋಗಿತ್ತು.

ಹಾಗಾಗಿ ಒಂದೊಂದೇ ಲೇಖನದ ತಲೆಬರಹ ಓದಿ, ಕೊನೆಗೆ ಹೋಗಿ ಬರೆದವರ ಹೆಸರು ಹೇಳುವುದು ನನ್ನ ಕೆಲಸವಾಯಿತು. ಇಂಥ ರಾಯರು. "ಅಲ್ಲ." ಇಂಥ ಶಾಸ್ತ್ರಿಗಳು. "ಅಲ್ಲ." ಬೆಳಗಾವಿಯ ಒಬ್ಬ ಡಾಕ್ಟರು, ಮಲೇರಿಯಾದ ಬಗ್ಗೆ. "ಅಲ್ಲ, ಆದರ ಅದೇನಂತ ಹೇಳು, ನಮ್ಮ ಓಣ್ಯಾಗ ಚಳಿಜ್ವರ ಭಾಳ." ಹೀಗೆ ದಾರಿ ಬಿಟ್ಟು ಮತ್ತೆ ದಾರಿಗೆ ಬರುತ್ತ ಹೋದೆವು. ಹೆಂಗಸರ ಪುಟ ಎಂದು ಪ್ರತಿ ಸಂಚಿಕೆಯಲ್ಲಿ ನಾಲ್ಕು ಹಾಳೆ ಬರುತ್ತಿತ್ತು. ಗಂಡಸಿನ ಹೆಸರು ಹುಡುಕುವವರಿಗೆ ಅಲ್ಲೇನು ಕೆಲಸ? ಹೋದ ಸಲದಂತೆ ಈ ಸಲವೂ ಅವನ್ನು ಒಟ್ಟಿಗೆ ತಿರುವಿ ಮುಂದೆ ಹೋದೆ.

ಮಧ್ಯಾಹ್ನ ಚಿಗವ್ವ ಬುತ್ತಿ ಬಿಚ್ಚಿದಳು. ಕಟಿರೊಟ್ಟಿ, ಗುರೆಳ್ಳು ಹಿಂಡಿ, ಒಂದು ಉಳ್ಳಾಗಡ್ಡಿ. ಲೈಬ್ರರಿಯಲ್ಲಿ ತಿನ್ನಬಾರದೆಂದು ಮಲೀಕಸಾಬರೇ ಬರೆದು ತೂಗುಹಾಕಿದ್ದ ಫಲಕದ ಕೆಳಗೆ ಮೂವರೂ ಕೂತು ತಿಂದೆವು. ಮಲೀಕಸಾಬರು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು, ಊರು ಬಿಟ್ಟ ಮೇಲೆ ಇಂಥದ್ದು ತಿಂದಿಲ್ಲ ಎಂದರು. ಆಮೇಲೆ ಅಂಗಿಯ ತೋಳು ಮಡಚಿ ಮತ್ತೊಂದು ಕಟ್ಟನ್ನು ತಾವೇ ಇಳಿಸಿಕೊಟ್ಟರು.

ಬಿಸಿಲು ಕಿಟಕಿಯಿಂದ ಇಳಿಯುವ ಹೊತ್ತಿಗೆ ಕೊನೆಯ ಕಟ್ಟೂ ಮುಗಿಯಿತು. ಸೂಗಪ್ಪ ಮಾಸ್ತರು ಎಲ್ಲಿಯೂ ಇರಲಿಲ್ಲ. ನನಗೆ ಕಣ್ಣು ಉರಿಯುತ್ತಿತ್ತು, ಸೊಂಟ ಹಿಡಿದುಕೊಂಡಿತ್ತು. ಒಂದು ಕಡೆ ಸಮಾಧಾನವೂ ಆಗಿತ್ತು, ಸುಳ್ಳೇಕೆ ಹೇಳಲಿ.

"ಇಲ್ಲ ಚಿಗವ್ವ. ಮಾಸ್ತರ ಮೇಲಾಣೆ, ನಾ ಏನೂ ಮುಚ್ಚಿಟ್ಟಿಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅತ್ತದ್ದೋ ಬೆವರೋ ನಾನು ನೋಡಲಿಲ್ಲ. ಆಮೇಲೆ ಹೇಳಿದಳು: "ಆತು ಬಿಡು. ನನ್ನ ಹಣ್ಯಾಗ ಇಲ್ಲ. ಇಷ್ಟು ದೂರ ಬಂದೀನಿ, ಯಾವುದರ ಒಂದು ಓದು ತಮ್ಮ. ನಿನ್ನ ಬಾಯಾಗ ಅವರು ಕಲಿಸಿದ ಕನ್ನಡ ಐತಲ್ಲ, ಅದನ್ನರ ಕೇಳ್ತೀನಿ."

ಏನು ಓದಲಿ? ಶಾಸನಗಳ ಬಗ್ಗೆ ಓದಿದರೆ ನಿದ್ದೆ ಬಂದೀತು. ಹೆಂಗಸರಿಗೆ ಹೆಂಗಸರ ಪುಟ ಎಂದುಕೊಂಡು ಎದುರಿಗಿದ್ದ ಕಟ್ಟಿನ ನಡುವೆ ಬೆರಳು ತೂರಿಸಿ ಒಂದು ಸಂಚಿಕೆಯ ಆ ನಾಲ್ಕು ಹಾಳೆಗಳನ್ನು ಹುಡುಕಿದೆ. ಮೊದಲನೆಯದು ಹೆಣಿಗೆಯ ಬಗ್ಗೆ. ಅದು ಬೇಡವೆಂದಳು. ಎರಡನೆಯದರ ತಲೆಬರಹ 'ಒಲೆಯ ಮುಂದೆ'. "ಅದನ್ನ ಓದು" ಎಂದಳು.

"'ರೊಟ್ಟಿ ಬಡಿಯುವುದು ಕೈಯ ಕೆಲಸವೆಂದು ಗಂಡಸರು ತಿಳಿದಿದ್ದಾರೆ. ಅದು ಕಿವಿಯ ಕೆಲಸ. ಹಿಟ್ಟು ಹದಕ್ಕೆ ಬಂದರೆ ಅಂಗೈ ಕೆಳಗಿನ ಸದ್ದೇ ಬೇರೆ. ಹೊಸದಾಗಿ ಗಂಡನ ಮನೆಗೆ ಹೋಗುವವಳು ಮೊದಲು ಆ ಸದ್ದನ್ನು ಕೇಳಲು ಕಲಿಯಬೇಕು.'"

ಚಿಗವ್ವ ನನ್ನ ಕಡೆ ಸ್ವಲ್ಪ ಸರಿದು ಕೂತಳು.

"'ಸಿಟ್ಟಿನಲ್ಲಿ ನಾದಿದರೆ ರೊಟ್ಟಿ ಹರಿಯುತ್ತದೆ. ತವರು ನೆನೆದು ಬಡಿದರೆ...'"

"ಹೊತ್ತತೈತಿ" ಎಂದಳು.

ಪುಟದಲ್ಲಿ 'ಹೊತ್ತುತ್ತದೆ' ಎಂದೇ ಇತ್ತು. ರೊಟ್ಟಿ ಬಡಿಯುವ ಎಲ್ಲ ಹೆಂಗಸರಿಗೂ ಗೊತ್ತಿರುವ ಮಾತೇನೋ ಎಂದುಕೊಂಡು ಮುಂದುವರಿಸಿದೆ.

"'ಮೊದಲನೆಯ ರೊಟ್ಟಿ ಹಂಚಿಗೆ ಸೇರಿದ್ದು. ಅದು ಎಂದೂ ನೆಟ್ಟಗೆ ಬರುವುದಿಲ್ಲ, ಅದಕ್ಕೆ ಮನಸ್ಸು ಸಣ್ಣದು ಮಾಡಿಕೊಳ್ಳಬಾರದು. ಎರಡನೆಯದು ಆಕಳಿಗೆ. ಮೂರನೆಯದು...'"

"ಮೂರನೇದು, ಮನ್ಯಾಗ ಯಾರು ಬಾಯಿಬಿಟ್ಟು ಕೇಳಂಗಿಲ್ಲೋ ಅವರಿಗೆ." ಮುಂದಿನದನ್ನೂ ಅವಳೇ ಹೇಳಿದಳು. "ಕೇಳದವರ ಹಸಿವು ಕೇಳವರ ಹಸಿವಿಗಿಂತ ದೊಡ್ಡದು."

ನಾನು ಪುಟ ನೋಡಿದೆ. 'ಮೂರನೆಯದು ಮನೆಯಲ್ಲಿ ಯಾರು ಬಾಯಿಬಿಟ್ಟು ಕೇಳುವುದಿಲ್ಲವೋ ಅವರಿಗೆ. ಕೇಳದವರ ಹಸಿವು ಕೇಳುವವರ ಹಸಿವಿಗಿಂತ ದೊಡ್ಡದು.' ಅಕ್ಷರಕ್ಕೆ ಅಕ್ಷರ ಅದೇ. ಪುಟದಿಂದ ತಲೆ ಎತ್ತಿ ಅವಳನ್ನು ನೋಡಿದೆ.

"ಅಂಬಣ್ಣ, ಇದು ನನ್ನ ಮಾತು" ಎಂದಳು. "ಬಾಜೂ ಮನಿ ಪೀರಮ್ಮನ ಮಗಳು ಲಗ್ನ ಆಗಿ ಹೊಂಟಾಗ ಒಲಿ ಮುಂದ ಕುಂದ್ರಿಸಿಕೊಂಡು ಆ ಹುಡುಗಿಗೆ ಹೇಳಿದ್ದೆ. ಆಕಿ ಅಳಾಕತ್ತಿದ್ದಳು. ಬ್ಯಾರೆ ಯಾರೂ ಇರಲಿಲ್ಲ. ಅವರು ಕಂಬಕ್ಕ ಆನಿಕೊಂಡು ಕುಂತಿದ್ದರು. ಮೂರನೇ ರೊಟ್ಟಿ ಅವರ ತಾಟಿನಾಗ ಹಾಕಿ ಈ ಮಾತು ಹೇಳಿದ್ದೆ. ಹೂಂ ಅಂದಿದ್ದರು."

ನಾನು ಲೇಖನದ ಕೊನೆಗೆ ಹೋದೆ. ಕೊನೆಯ ಸಾಲಿನ ಕೆಳಗೆ, ಬಲಕ್ಕೆ, ದಪ್ಪ ಅಕ್ಷರದಲ್ಲಿ ಬರೆದವರ ಹೆಸರಿತ್ತು. ಅದನ್ನು ಮನಸ್ಸಿನಲ್ಲೇ ಎರಡು ಸಲ ಓದಿಕೊಂಡೆ.

"ಯಾಕ ನಿಂತಿ? ಓದು."

"'ಸೌಭಾಗ್ಯವತಿ ಆದಮ್ಮ, ಸಂತೆಕಲ್ಲೂರು.'"

"ಯಾವ ಆದಮ್ಮ?"

"ನೀನ ಚಿಗವ್ವ. ನಮ್ಮೂರಾಗ ಮತ್ಯಾವ ಆದಮ್ಮ ಇದ್ದಾಳ?"

ಅವಳು ಆ ಪುಟವನ್ನೇ ನೋಡುತ್ತ ಕೂತಳು. ಅಷ್ಟು ಹೊತ್ತು ಅವಳು ಸುಮ್ಮನಿದ್ದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕಟ್ಟೆಯ ಮೇಲಿನವರು ಯಾಕೆ ನಕ್ಕರೆಂದು ನನಗೆ ಆಗ ತಿಳಿಯಿತು. ಓದುತ್ತ ಓದುತ್ತ ಅವರ ಕಿವಿಗೆ ಚಿಗವ್ವನ ದನಿಯೇ ಕೇಳಿಸಿರಬೇಕು. ಜೊತೆಗೆ, ಮನೆಯಲ್ಲೂ ಹೆಂಡತಿಯ ಹೆಸರೆತ್ತದ ಮಾಸ್ತರು ಅದನ್ನು ಧಾರವಾಡದವರೆಗೆ ಕಳಿಸಿ ಅಚ್ಚು ಹಾಕಿಸಿದ್ದಾರೆಂದರೆ ನಗದೆ ಇನ್ನೇನು ಮಾಡುತ್ತಾರೆ? ಅದನ್ನು ಅವಳೆದುರು ಆಡಿದರೆ ಮಾಸ್ತರ ಮರ್ಯಾದೆ ಹೋಗುತ್ತದೆಂದು ಬಾಯಿ ಮುಚ್ಚಿಕೊಂಡಿದ್ದಾರೆ. ನನಗೆ ತಿಳಿದದ್ದನ್ನು ಅವಳಿಗೆ ಹೇಳಿದೆ.

ಸರ್ಕಾರಿ ನೌಕರ ನಿಜಾಮರ ಗಡಿಯಾಚೆಯ ಪತ್ರಿಕೆಗೆ ಬರೆದರೆ ಮೇಲಿನವರು ಕೆಂಗಣ್ಣು ಬೀರುತ್ತಾರೆ, ಅದಕ್ಕೇ ಹೆಂಡತಿಯ ಹೆಸರು ಹಾಕಿರಬಹುದು ಎಂಬ ವಿಚಾರವೂ ನನ್ನ ತಲೆಯಲ್ಲಿ ಸುಳಿಯಿತು. ಪಂಡಿತರ ತಲೆ ಓಡುವುದೇ ಹಾಗೆ. ಆದರೆ ಲೇಖನವನ್ನು ಮೊದಲಿನಿಂದ ಕೊನೆಯವರೆಗೆ ಓದಿದಾಗ ಆ ವಿಚಾರ ನಿಲ್ಲಲಿಲ್ಲ. ಮಾಸ್ತರು ತಮ್ಮದೊಂದು ಮಾತನ್ನೂ ಸೇರಿಸಿರಲಿಲ್ಲ. ಆಕಳಿಗೆ ಅವಳು ಬೈಯುವ ಬೈಗುಳ ಇತ್ತು. ತುರ್ವಿಹಾಳದಲ್ಲಿ ಅವಳ ಅವ್ವ ಹಿಟ್ಟಿಗೆ ಬಿಸಿನೀರು ಹೊಯ್ಯುವ ಬಗೆ ಇತ್ತು. 'ಅಡುಗೆಗೆ ಉಪ್ಪು ಹೆಚ್ಚಾದರೆ ಗಂಡ ಹೇಳಬೇಕು, ಹೇಳದೆ ಉಂಡು ಹೋದರೆ ಹೆಂಡತಿ ದಿನವಿಡೀ ಅದೇ ಉಪ್ಪು ತಿಂದ ಹಾಗೆ' ಎಂದು ಅವಳು ಯಾವಾಗಲೋ ಗಂಡನಿಗೆ ಚುಚ್ಚಿದ್ದ ಮಾತೂ ಇತ್ತು. ಅದನ್ನೂ ಬಿಡದೆ ಬರೆದಿದ್ದರು. ಮಾತು ಯಾರದೋ ಹೆಸರೂ ಅವರದೇ ಇರಬೇಕೆಂದು ಹಾಕಿದ್ದಾರೆ, ನಾನಂತೂ ಹಾಗೇ ನಂಬಿದ್ದೇನೆ.

ಉಪ್ಪಿನ ಮಾತು ಬಂದಾಗ ಚಿಗವ್ವ ನಕ್ಕಳು. ನಗುತ್ತಲೇ ಅಳು ಬಂತು. "ಕೇಳಿಸಿಕೊಂಡಿದ್ದರು ಅಂಬಣ್ಣ" ಎಂದಳು. "ಎಲ್ಲಾ ಕೇಳಿಸಿಕೊಂಡಿದ್ದರು. ನಾ ಗ್ವಾಡಿ ಜೋಡಿ ಮಾತಾಡಾಕತ್ತೀನಿ ಅನಕೊಂಡು ಇಷ್ಟು ವರ್ಷ ಬಾಳೇವು ಮಾಡಿದೆ."

"ಯಾವುದು ನನ್ನ ಹೆಸರು, ತೋರಿಸು" ಎಂದು ಆಮೇಲೆ ಕೇಳಿದಳು. ತೋರಿಸಿದೆ. ಬೆರಳನ್ನು ಸೀರೆಗೆ ಒರೆಸಿಕೊಂಡು, ಮೂರು ಅಕ್ಷರಗಳ ಮೇಲೆ ಇಟ್ಟಳು. ಹಿಂದಿನ ಅಕ್ಷರ ಏನು ಎಂದಳು. 'ಸೌ', ಅಂದರೆ ಸೌಭಾಗ್ಯವತಿ ಎಂದೆ. ಅವಳ ಹಣೆ ಬೋಳಾಗಿ ಎರಡು ವರ್ಷವಾಗಿತ್ತು. ಆ ಹಾಳೆಯ ಮೇಲೆ ಅವಳಿನ್ನೂ ಸೌಭಾಗ್ಯವತಿಯಾಗಿಯೇ ಇದ್ದಳು. "ಹೂಂ" ಎಂದಳು ಚಿಗವ್ವ. ಥೇಟ್ ಮಾಸ್ತರ ಹಾಗೆ.

ಲೇಖನವನ್ನು ಬರೆದುಕೊಡುತ್ತೇನೆ, ಊರಿಗೆ ಒಯ್ಯು ಎಂದೆ. ಬೇಡವೆಂದಳು. "ನನ್ನ ಮಾತು ನನ್ನ ಬಾಯಾಗ ಐತಿ. ಅದು ಇಲ್ಲೇ ಇರಲಿ. ಊರಿಗೆ ಒಯ್ದರ ಮತ್ತ ಯಾರರ ಓದಿ ಕೊಡ್ತೀನಂತ ತಗೊಂಡು ಹೋಗ್ತಾರ." ಇನ್ನೊಂದು ಸಲ ಓದಿಸಿಕೊಂಡಳು. ಮಲೀಕಸಾಬರು ದೀಪ ಹಚ್ಚಬೇಕಾದ ಹೊತ್ತಾಗಿದ್ದರೂ ಏನೂ ಅನ್ನದೆ ಕಪಾಟಿಗೆ ಆನಿಕೊಂಡು ನಿಂತು ಅವರೂ ಕೇಳಿದರು.

ಹೊರಡುವಾಗ ನಾನು ಕಟ್ಟುಗಳನ್ನು ಕಪಾಟಿಗೆ ಸೇರಿಸುತ್ತಿದ್ದೆ. ಚಿಗವ್ವ ಬುತ್ತಿಯ ಬಟ್ಟೆ ಮಡಚಿ ಕಂಕುಳಲ್ಲಿಟ್ಟುಕೊಂಡು ತಾನೇ ಬಾಗಿಲ ಬಳಿಯ ಮೇಜಿಗೆ ಹೋದಳು. ಮಲೀಕಸಾಬರು ರಿಜಿಸ್ಟರು ಮುಚ್ಚುವುದರಲ್ಲಿದ್ದರು.

"ಅಣ್ಣಾರ, ಮುಂಜಾನಿ ಒಂದು ಖಾನೆ ಖಾಲಿ ಬಿಟ್ಟಿದ್ದಿರಲ್ಲ."

"ಇರಲಿ ಬಿಡವ್ವ, ಯಾರೂ ನೋಡಂಗಿಲ್ಲ."

"ಇಲ್ಲ, ಬರಕೋರಿ."

ಮಲೀಕಸಾಬರು ನನ್ನ ಕಡೆ ನೋಡಿದರು. ನಾನು ಹೇಳಲೆಂದು ಬಾಯಿ ತೆರೆದೆ. ಚಿಗವ್ವ ಕೈ ಎತ್ತಿ ನನ್ನನ್ನು ತಡೆದಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು. ಆಮೇಲೆ, ಮದುವೆಯಾದಂದಿನಿಂದ ಒಮ್ಮೆಯೂ ಆಡದ ಹೆಸರನ್ನು, ನಿಧಾನವಾಗಿ, ಎಲ್ಲಿ ತಪ್ಪಿಹೋಗುತ್ತದೋ ಎಂಬಂತೆ ಹೇಳಿದಳು.

"ಸೂಗಪ್ಪ."

ಮಲೀಕಸಾಬರು ಬರೆದು ಮುಗಿಸುವವರೆಗೆ ಅಲ್ಲೇ ನಿಂತಿದ್ದು, "ಬರದಿರೇನು? ಮುಂದ ಮಾಸ್ತರು ಅಂತನೂ ಬರೀರಿ" ಎಂದಳು.